ನೆತ್ತಿತೊಲೆ ಕದ್ದ ಭಾನುವಾರ

ಎರ್ಲೆನ್‌ಹಾಗ್,
೪ ಮಾರ್ಚ್ ೧೯೫೬

ಬುರ್ಗಿಗೆ,

ಕ್ರಿಸ್‌ಮಸ್ ಕಾರ್ಡು ಬಿಟ್ಟರೆ ನಾನು ನಿನಗೆ ಏನನ್ನಾದರೂ ಬರೆದು ಹತ್ತು ವರ್ಷವಾಗುತ್ತ ಬಂತು. ಈಗಲೂ ಬರೆಯುತ್ತಿರಲಿಲ್ಲ. ಆದರೆ ಪುರಸಭೆಯ ಮುಂದಿನ ಗಾಜಿನ ಪೆಟ್ಟಿಗೆಯಲ್ಲಿ ಹೊಸ ಶಾಲೆಯ ನಕ್ಷೆ ತೂಗುಹಾಕಿದ್ದಾರೆ. ಅದರ ಮೂಲೆಯಲ್ಲಿ ‘ಆರ್ಕಿಟೆಕ್ಟ್ ವಾಲ್‌ಪುರ್ಗಾ ಡೆಂಕ್, ವಿಯೆನ್ನಾ’ ಎಂದಿದೆ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ನಿನ್ನದೇ ಹೆಸರು.

ಮೊದಲು ಒಂದು ಪ್ರಶ್ನೆ. ಈ ಶಾಲೆಯ ತಲೆ ಎಲ್ಲಿ? ನಮ್ಮೂರಲ್ಲಿ ನಾಯಿಯ ಗೂಡಿಗೂ ಎರಡು ಕಡೆ ಇಳಿಯುವ ಮಾಡು ಇದೆ. ನೀನು ಬರೆದಿರುವುದು ಒಂದೇ ಕಡೆಗೆ ವಾಲಿದ ಚಾವಣಿ, ಅದೂ ನೆಲಮಟ್ಟದ ಕೋಣೆಗಳ ಮೇಲೆ. ನಮ್ಮ ಹಿಮ ವಿಯೆನ್ನಾದ ಹಿಮದಂತೆ ಬಂದು ನಾಚಿಕೊಂಡು ಹೋಗುವುದಿಲ್ಲ ಎಂಬುದು ನಿನಗೆ ಮರೆತುಹೋಯಿತೆ?

ಕಪ್ಪುಹೋರಿ ಹೋಟೆಲಿಗೆ ಕಾಲಿಟ್ಟರೆ ಸಾಕು, ಕಟುಕ ಸೆವೆರಿನ್ ಬಾಯಿ ತೆರೆಯುತ್ತಾನೆ: “ಕ್ವಿರಿನ್, ನಿನ್ನ ಮಗಳು ಕೋಳಿಗೂಡು ಬರೆದು ಕಳಿಸಿದಾಳಲ್ಲೋ! ಮೊಟ್ಟೆ ಇಡೋರು ಮಕ್ಕಳೋ, ಟೀಚರಮ್ಮನೋ?”

“ನಿನ್ನ ಸಾಸೇಜಿನೊಳಗೆ ಏನು ತುಂಬಿದೀಯ ಅಂತ ನಾನು ಯಾವತ್ತಾದ್ರೂ ಕೇಳಿದೀನಾ?” ಎಂದೆ. ಅಲ್ಲಿದ್ದವರೆಲ್ಲ ನಕ್ಕರು. ಆದರೆ ಬುರ್ಗಿ, ನಾನು ನಿನ್ನ ಪರವಾಗಿ ಮಾತಾಡಿದೆ ಎಂದು ತಿಳಿಯಬೇಡ. ಸೆವೆರಿನ್‌ನ ಎದುರು ಯಾರ ಪರವಾಗಿಯಾದರೂ ಮಾತಾಡುತ್ತೇನೆ.

ಇನ್ನೊಂದು ಮಾತು. ಚಕ್ರವರ್ತಿಯ ಕಾಲದವರು, ಗಣರಾಜ್ಯದವರು, ಕಂದು ಅಂಗಿಯವರು, ಆಮೇಲೆ ಬಂದ ಅಮೆರಿಕನ್ನರು, ಎಲ್ಲರೂ ನಮಗೆ ಒಳ್ಳೆಯ ಶಾಲೆ ಕಟ್ಟಿಕೊಡುತ್ತೇವೆ ಎಂದರು. ಅವರಾಡಿದ ಒಂದೊಂದು ಮಾತೂ ನನಗೆ ನೆನಪಿದೆ. ನಮ್ಮ ಮಕ್ಕಳು ಇಂದಿಗೂ ಕಪ್ಪುಹೋರಿಯ ನೃತ್ಯಶಾಲೆಯಲ್ಲಿ, ಕಾರ್ನಿವಾಲಿನ ಕಾಗದದ ಹಾರಗಳ ಕೆಳಗೆ ಕೂತು ಮಗ್ಗಿ ಹೇಳುತ್ತಿದ್ದಾರೆ. ಊರಲ್ಲಿ ಮದುವೆ ಇದ್ದ ದಿನ ಟೀಚರ್ ಆಫ್ರಾ ಬೆಂಚುಗಳನ್ನು ಅಂಗಳಕ್ಕೆ ಸಾಗಿಸುತ್ತಾಳೆ. ಆದ್ದರಿಂದ ನಿನ್ನ ಕೋಳಿಗೂಡಾದರೂ ಬರಲಿ ಎಂದು ಒಂದು ಕ್ಷಣ ಅನ್ನಿಸಿದ್ದು ನಿಜ. ಒಂದೇ ಕ್ಷಣ.

ಉತ್ತರಿಸಲೇಬೇಕೆಂದಿಲ್ಲ. ಉತ್ತರಿಸಿದರೆ ಚಾವಣಿಯಿಂದ ಶುರುಮಾಡು.

ನಿನ್ನ ತಂದೆ,
ಕ್ವಿರಿನ್ ಡೆಂಕ್
(ಇನ್ನೂ ಪುಸ್ತಕಗಳಿಗೆ ರಟ್ಟು ಕಟ್ಟುತ್ತಿದ್ದೇನೆ, ಇನ್ನೂ ಓದಿದ ಮೇಲೆಯೇ ಕಟ್ಟುತ್ತೇನೆ)


ವಿಯೆನ್ನಾ,
೯ ಮಾರ್ಚ್ ೧೯೫೬

ಅಪ್ಪಾ!

ನಿಮ್ಮ ಕಾಗದವನ್ನು ಟ್ರಾಮಿನಲ್ಲಿ ಓದಿದೆ. ನನ್ನ ನಿಲ್ದಾಣ ದಾಟಿಹೋಯಿತು. ಮುಂದಿನದೂ ದಾಟಿತು. ಕೊನೆಗೆ ಕಂಡಕ್ಟರ್ ಬಂದು, “ಏನಮ್ಮಾ, ಡಿಪೋದಲ್ಲೇ ಮಲಗ್ತೀರಾ?” ಎಂದ. ನನ್ನ ತಂದೆ ನನ್ನನ್ನು ಬೈದಿದ್ದಾರೆ ಎಂದು ಹೇಳಿದೆ. ನನ್ನ ಮುಖ ನೋಡಿ, ಇವಳಿಗೆ ಲಾಟರಿ ಹೊಡೆದಿದೆ ಎಂದುಕೊಂಡಿರಬೇಕು.

ಚಾವಣಿಯಿಂದ ಶುರುಮಾಡುತ್ತೇನೆ. ಅದು ವಾಲಿರುವುದು ಬೆಳಕಿಗಾಗಿ. ತೋಟದ ಕಡೆ ದೊಡ್ಡ ಕಿಟಕಿಗಳಿವೆ. ಎದುರಿನ ಗೋಡೆಯ ಮೇಲ್ಗಡೆ, ಚಾವಣಿ ಎತ್ತರಕ್ಕೆ ಏರುವಲ್ಲಿ, ಉದ್ದಕ್ಕೂ ಇನ್ನೊಂದು ಕಿಟಕಿಯ ಸಾಲು ಬರುತ್ತದೆ. ಹಾಗಾಗಿ ಎರಡೂ ಕಡೆಯಿಂದ ಬೆಳಕು! ಎಡಗೈಯಲ್ಲಿ ಬರೆಯುವ ಮಗುವಿಗೂ ತನ್ನ ಕೈಯ ನೆರಳು ತನ್ನ ಅಕ್ಷರದ ಮೇಲೆ ಬೀಳುವುದಿಲ್ಲ. ನಿಮ್ಮ ಕೆಲಸದ ಮೇಜಿನ ಮುಂದೆ ಕೂತು ಬೆಳೆದವಳು ನಾನು. ಕೆಟ್ಟ ಬೆಳಕಿನಲ್ಲಿ ಹೊಲಿಗೆ ಹಾಕುವುದು ಎಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕಿಟಕಿಯ ದಂಡೆ ಎಷ್ಟು ಎತ್ತರವಿರಬೇಕು ಎಂದು ಹೇಗೆ ನಿರ್ಧರಿಸಿದೆ ಗೊತ್ತೇ? ಆಫೀಸಿನಲ್ಲಿ ಮೊಣಕಾಲೂರಿ ನಡೆದಾಡಿದೆ. ಆರು ವರ್ಷದ ಮಗುವಿನ ಕಣ್ಣು ಅಷ್ಟೇ ಎತ್ತರದಲ್ಲಿರುತ್ತದೆ. ಆಫೀಸಿನ ಯಜಮಾನರು ಬಾಗಿಲಲ್ಲಿ ನಿಂತು ನೋಡಿ, “ಬುರ್ಗಿ, ಪ್ರಾರ್ಥನೆ ಮುಗಿದ ಮೇಲೆ ನನ್ನ ಕೋಣೆಗೆ ಬಾಮ್ಮಾ” ಎಂದರು. ಹೋದೆ. “ಈ ಶಾಲೆ ಪೂರ್ತಿ ನಿನ್ನದು, ನಾನು ತಲೆ ಹಾಕಲ್ಲ” ಎಂದರು. ಅಂದು ಮೆಟ್ಟಿಲಿಳಿಯುವಾಗ ಹಾಡಿದೆನಂತೆ. ಕಟ್ಟಡದ ಕಾವಲುಗಾರನ ಹೆಂಡತಿ ಇನ್ನೂ ಹೇಳಿಕೊಂಡು ನಗುತ್ತಾಳೆ.

ಇನ್ನು ಉಳಿದದ್ದು ಬಾಗಿಲುಗಳು. ಪ್ರತಿಯೊಂದು ತರಗತಿಗೂ ತನ್ನದೇ ಬಾಗಿಲು, ನೇರವಾಗಿ ತೋಟಕ್ಕೆ. ಒಳಗಿನ ಬಾಗಿಲು ಬೇರೆಯೇ ಇದೆ, ಇದು ಹೊರಗಿನದು. ಯಾವ ಮಗುವೂ ಮೆಟ್ಟಿಲು ಹತ್ತಬೇಕಾಗಿಲ್ಲ, ಇಳಿಯಬೇಕಾಗಿಲ್ಲ. ಹಳೆಯ ಶಾಲೆಯಲ್ಲಿ ನನ್ನ ತಮ್ಮನ ತರಗತಿ ಮೇಲಿನ ಮಹಡಿಯಲ್ಲಿತ್ತು. ಇಳಿಯಲು ಇದ್ದದ್ದು ಒಂದೇ ಮೆಟ್ಟಿಲಸಾಲು. ಯುದ್ಧದ ಕೊನೆಯ ಚಳಿಗಾಲದಲ್ಲಿ ಅದರ ಕೆಳಗೆ ಸೈನ್ಯದವರು ಎಣ್ಣೆಯ ಪೀಪಾಯಿಗಳನ್ನು ಪೇರಿಸಿದರು, ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಬೆಂಕಿ

ಇಲ್ಲಿಗೇ ನಿಲ್ಲಿಸುತ್ತೇನೆ. ಅವನ ಹೆಸರನ್ನು ನೀವು ಹೇಳುವುದಿಲ್ಲ, ನಾನೂ ಬರೆಯುವುದಿಲ್ಲ.

ಆದರೆ ನಕ್ಷೆಯಲ್ಲಿ ಚಾವಣಿಯನ್ನು ನೋಡಿದ ಹಾಗೆ ಬಾಗಿಲುಗಳನ್ನೂ ಒಮ್ಮೆ ನೋಡಿ, ಅಪ್ಪಾ.

ಸಂತೋಷದಿಂದ ತಲೆ ತಿರುಗುತ್ತಿರುವ ನಿಮ್ಮ
ಬುರ್ಗಿ


ಎರ್ಲೆನ್‌ಹಾಗ್,
೨೭ ಜೂನ್ ೧೯೫೬

ಬುರ್ಗಿಗೆ,

ನಾನು ದಿನಾ ಸಂಜೆ ಗಾಳಿಸವಾರಿಗೆ ಹೋಗುತ್ತೇನೆ. ನಿನ್ನ ಕಟ್ಟಡದ ಜಾಗ ದಾರಿಯಲ್ಲೇ ಸಿಗುವುದರಿಂದ ಅತ್ತ ಒಂದು ಕಣ್ಣು ಹಾಯಿಸುತ್ತೇನೆ, ಅಷ್ಟೆ. ಅದು ದಾರಿಯಲ್ಲಿ ಸಿಗುವುದಿಲ್ಲವಲ್ಲ, ಊರಿನ ಆ ಕೊನೆಯಲ್ಲಿದೆಯಲ್ಲ ಎಂದು ನೀನು ಹೇಳಬಹುದು. ದಾರಿಯನ್ನು ನಾನು ಬದಲಿಸಿಕೊಂಡಿದ್ದೇನೆ.

ಗೋಡೆಗಳು ಕಿಟಕಿಯ ದಂಡೆಯವರೆಗೆ ಬಂದಿವೆ. ಇಷ್ಟು ತಗ್ಗಿನ ದಂಡೆಯನ್ನು ನಾನು ಹುಟ್ಟಿದಮೇಲೆ ಕಂಡಿಲ್ಲ. ನಮ್ಮ ಕಾಲದ ಶಾಲೆಯಲ್ಲಿ ಕಿಟಕಿ ಇದ್ದದ್ದು ನಮ್ಮ ತಲೆಯ ಮೇಲೆ. ಹೊರಗೆ ನೋಡುವ ಮಗು ಪಾಠ ಕೇಳುವುದಿಲ್ಲ ಎಂದು ಇನ್ಸ್‌ಪೆಕ್ಟರ್ ಸಾಹೇಬರು ಭಾಷಣ ಮಾಡಿದ್ದು ನೆನಪಿದೆ. ಆಕಾಶ ಕಾಣದ ಹಾಗೆ ಸಾಕಿದ ಆ ಮಕ್ಕಳನ್ನೇ ಬೆಳೆದ ಮೇಲೆ ಎರಡು ಸಲ ಯುದ್ಧಕ್ಕೆ ಕಳಿಸಿದರು. ಕಲಿಸಿದ್ದನ್ನೆಲ್ಲ ಅವರು ಚೆನ್ನಾಗಿಯೇ ಪಾಲಿಸಿದರು.

ಯಾರೂ ನೋಡುತ್ತಿಲ್ಲ ಎಂದುಕೊಂಡು ನಾನೂ ಮೊಣಕಾಲೂರಿ ನೋಡಿದೆ. ಮುಂದೆ ಸೇಬಿನ ಮರಗಳು, ಅವುಗಳಾಚೆ ಗುಡ್ಡ. ಏಳಲು ಆಗಲಿಲ್ಲ. ಮೇಸ್ತ್ರಿಗಳಿಬ್ಬರು ಬಂದು ಎತ್ತಿದರು. “ಏನ್ ಮಾಮ, ಮತ್ತೆ ಒಂದನೇ ಕ್ಲಾಸಿಗೆ ಸೇರ್ತೀರಾ?” ಎಂದು ಕೇಳಿದರು. ಈ ಸುದ್ದಿ ನಾನು ಮನೆ ಸೇರುವ ಮೊದಲೇ ಕಪ್ಪುಹೋರಿಯನ್ನು ಸೇರಿತ್ತು.

ನಿನ್ನ ಆಫೀಸಿನವರು ಕಳಿಸಿದ ಇಂಜಿನಿಯರ್ ನವ್ರಾಟಿಲ್ ಒಳ್ಳೆಯ ಮನುಷ್ಯ. ನಮ್ಮ ಸೇಬಿನ ಹುಳಿಮದ್ಯ ಕುಡಿಯುವಾಗ ಮುಖ ಕಿವುಚುತ್ತಾನೆ, ಆದರೂ ಲೋಟ ಖಾಲಿ ಮಾಡುತ್ತಾನೆ.

ಈಗ ಕೆಟ್ಟ ಸುದ್ದಿ. ಮೇಯರ್ ಸ್ಟೈನಿಂಗರ್ ಸಭೆಗೆ ಹೊಸ ಗೊತ್ತುವಳಿ ತರುತ್ತಿದ್ದಾನೆ. ನಿನ್ನ ಗೋಡೆಗಳ ಮೇಲೆ ಇನ್ನೊಂದು ಮಹಡಿ, ಅದರ ಮೇಲೆ ‘ನಮ್ಮೂರಿಗೆ ಒಪ್ಪುವ’ ಎತ್ತರದ ಮಾಡು. ಅರ್ಧದಷ್ಟು ತರಗತಿಗಳು ಮೇಲಕ್ಕೆ ಹೋಗುತ್ತವೆ. ಕೆಳಗೆ ಖಾಲಿಯಾಗುವ ಜಾಗದಲ್ಲಿ ಪುರಸಭೆಯ ಕುದುರೆಲಾಯವಂತೆ. ಅಷ್ಟೆಲ್ಲ ಮರ ಯಾರ ಕಾರ್ಖಾನೆಯಿಂದ ಬರುತ್ತದೆ ಎಂದು ಕೇಳಬೇಡ. ಊರಲ್ಲಿ ಮರ ಕೊಯ್ಯುವ ಕಾರ್ಖಾನೆ ಇರುವುದು ಒಂದೇ. ಅದರ ಮೇಲಿರುವ ಹೆಸರು ಸ್ಟೈನಿಂಗರ್.

ಆಗಸ್ಟ್ ಕೊನೆಗೆ ಮತದಾನ. ಸಭೆಯಲ್ಲಿ ಅವನದೇ ಬಲ ಹೆಚ್ಚು.

ಬಾಗಿಲುಗಳನ್ನು ನೋಡಿದೆ. ಚೌಕಟ್ಟು ಕೂರಿಸಿದ್ದಾರೆ.

ಕ್ವಿರಿನ್ ಡೆಂಕ್


ವಿಯೆನ್ನಾ,
೧೨ ಜುಲೈ ೧೯೫೬

ಅಪ್ಪಾ,

ಮೆಟ್ಟಿಲು ಮಾತ್ರ ಬೇಡ. ಕಿಟಕಿ ಬದಲಿಸಲಿ, ಬಣ್ಣ ಬದಲಿಸಲಿ, ಬೇಕಾದರೆ ನನ್ನ ಹೆಸರನ್ನೂ ಅಳಿಸಿಹಾಕಲಿ. ಮಕ್ಕಳನ್ನು ಮೇಲಿನ ಮಹಡಿಗೆ ಹತ್ತಿಸುವುದು ಬೇಡ.

ಮೇಯರಿಗೆ ಬರೆದೆ. ಅವರ ಉತ್ತರ ಬಂತು: ‘ಗೌರವಾನ್ವಿತ ಕುಮಾರಿ, ಸ್ಥಳೀಯರ ಭಾವನೆಗಳು...’ ಕಾನೂನಿನ ಪ್ರಕಾರ ಕಟ್ಟಡ ಪುರಸಭೆಯದು. ತಡೆಯುವ ಹಕ್ಕು ನಮಗಿಲ್ಲ ಎನ್ನುತ್ತಾರೆ ಯಜಮಾನರು. ನಾನು ಹಗಲೆಲ್ಲ ಬುರ್ಗನ್‌ಲಾಂಡಿನಲ್ಲಿ ಇನ್ನೊಂದು ಶಾಲೆಯ ಅಡಿಪಾಯದ ಕೆಸರಿನಲ್ಲಿ ನಿಂತಿರುತ್ತೇನೆ, ಬಿಟ್ಟುಬರಲು ಆಗುತ್ತಿಲ್ಲ.

ನೀವು ಏನಾದರೂ ಮಾಡುತ್ತೀರಾ? ಹಿಂದೆಂದೂ ನಾನು ನಿಮ್ಮನ್ನು ಏನೂ ಕೇಳಿಲ್ಲ.

ಬುರ್ಗಿ


ಎರ್ಲೆನ್‌ಹಾಗ್,
೧೩ ಆಗಸ್ಟ್ ೧೯೫೬

ಬುರ್ಗಿ! ಬುರ್ಗಿ!

ಕೂತು ಓದು. ನಿಂತಿದ್ದರೆ ಬೀಳುತ್ತೀಯ.

ನಿನ್ನ ತೊಲೆಯನ್ನು ಕದ್ದಿದ್ದಾರೆ!

ನಡುವಿನ ಸಭಾಂಗಣದ ಮೇಲೆ ಏರಿಸಬೇಕಾದ ಆ ಉದ್ದನೆಯ ತೊಲೆ ಶನಿವಾರ ಬಂದಿತ್ತು. ಅಂಗಳದಲ್ಲಿ ದಿಮ್ಮಿಗಳ ಮೇಲೆ ಮಲಗಿಸಿದ್ದರು. ನಿನ್ನೆ ಭಾನುವಾರ ಊರೆಲ್ಲ ಚರ್ಚಿನಲ್ಲಿದ್ದೆವು. ಹುಡುಗರು ಕೂರುವ ಹಿಂದಿನ ಬೆಂಚುಗಳು ಖಾಲಿಯಾಗಿದ್ದವು. ಪಾದ್ರಿಗಳು ಪೀಠ ಹತ್ತಿ ಆ ಬೆಂಚುಗಳ ಕಡೆ ಒಮ್ಮೆ ನೋಡಿದರು. ಕೆಮ್ಮಿದರು. ಅಂದಿನ ಪ್ರವಚನ ಮುಗಿಯಲೇ ಇಲ್ಲ! ನೋಹನ ನಾವೆಗೆ ಹತ್ತಿದ ಪ್ರಾಣಿಗಳನ್ನೆಲ್ಲ ಒಂದೊಂದಾಗಿ ಹೆಸರಿಸಿದರು. ಮುಳ್ಳುಹಂದಿಯ ಹೊತ್ತಿಗೆ ನನಗೂ ಅರ್ಥವಾಯಿತು. ಹುಡುಗರಿಗೆ ಸಮಯ ಕೊಡುತ್ತಿದ್ದಾರೆ!

ಹೊರಗೆ ಬಂದು ನೋಡಿದರೆ ದಿಮ್ಮಿಗಳಷ್ಟೇ ಇವೆ, ತೊಲೆ ಇಲ್ಲ. ಊರೆಲ್ಲ ನಕ್ಕಿತು. ನಿನ್ನ ನವ್ರಾಟಿಲ್ ಮಾತ್ರ ನಗಲಿಲ್ಲ. ಬಿಳುಚಿಕೊಂಡು ನೇರವಾಗಿ ಪೊಲೀಸ್ ಠಾಣೆಗೆ ಹೋದ. ಹಿಂದೆಯೇ ನಾನು ಓಡಿದೆ.

“ತೊಲೆ ಕಳುವಾಗಿದೆ, ದೂರು ಬರ್ಕೊಳ್ಳಿ!”

“ಕಳುವಾಗಿಲ್ಲ ಸಾರ್. ಎತ್ಕೊಂಡು ಹೋಗಿದಾರೆ” ಎಂದ ದಫೇದಾರ.

“ಅದಕ್ಕೇ ಅಲ್ಲವೇನ್ರೀ ಕಳುವು ಅನ್ನೋದು?”

“ಅಲ್ಲ ಸಾರ್. ಕಳುವಾಗಿದ್ರೆ ಎಲ್ಲಿದೆ ಅಂತ ನನಗೆ ಗೊತ್ತಿರ್ತಿರಲಿಲ್ಲ.”

ನಾನು ನವ್ರಾಟಿಲನ ತೋಳು ಹಿಡಿದೆ, ಕೊಡವಿಕೊಂಡ. ಲಿಖಿತ ದೂರು ಕೊಟ್ಟೇ ಬಿಟ್ಟ. ಪಾಪ, ವಿಯೆನ್ನಾದವನು. ಸಂಜೆಯ ಹೊತ್ತಿಗೆ ಊರಿನ ನಗು ಇಂಗಿಹೋಗಿತ್ತು. “ನಮ್ಮ ಮಕ್ಕಳು ಕಳ್ಳರಂತೆ, ಕೇಳಿದ್ರಾ?” ಎಂದು ಹೆಂಗಸರು ಬಾವಿಕಟ್ಟೆಯಲ್ಲಿ ಮಾತಾಡಿಕೊಂಡರು. ಮೇಯರಂತೂ ಮನೆಮನೆಗೆ ಹೋಗಿ ಅದನ್ನೇ ಹೇಳುತ್ತಿದ್ದಾನೆ.

ನೀನು ಹತ್ತು ವರ್ಷ ಹೊರಗಿದ್ದವಳು, ಆದ್ದರಿಂದ ನೆನಪಿಸುತ್ತೇನೆ. ನಮ್ಮೂರಲ್ಲಿ ನೆತ್ತಿತೊಲೆ ಕದಿಯುವುದು ಮನೆಗೆ ಮಾಡುವ ಮರ್ಯಾದೆ. ಈ ಮನೆ ನಮ್ಮದು, ಇದರ ಯಜಮಾನ ನಮ್ಮವನು ಎಂದು ಊರು ಒಪ್ಪಿದ ಗುರುತು. ಚರ್ಚಿನ ಸ್ತೋತ್ರ ಹಾಡಿಸಿಕೊಂಡು ಸರ್ಕಾರದವರು ಕಂದಾಯ ಕಚೇರಿಗೆ ಅಡಿಪಾಯ ಹಾಕಿದರಲ್ಲ, ಅದರ ತೊಲೆಯನ್ನು ಯಾರೂ ಮುಟ್ಟಲಿಲ್ಲ. ೧೯೩೯ರಲ್ಲಿ ಕಂದು ಅಂಗಿಯವರು ಪಕ್ಷದ ಭವನ ಕಟ್ಟಿದರು. ಊರಿನ ಅರ್ಧ ಜನ ಕೈಯೆತ್ತಿ ಅವರಿಗೆ ಜೈ ಎಂದರು, ಯಾರ್ಯಾರು ಎಂದು ಇಂದಿಗೂ ಹೇಳಬಲ್ಲೆ. ಆದರೆ ಅವರ ನೆತ್ತಿತೊಲೆ ವಾರಗಟ್ಟಲೆ ಅಂಗಳದಲ್ಲಿ ಬಿದ್ದಿತ್ತು. ಕಾವಲೇ ಇರಲಿಲ್ಲ, ಕದಿಯಲಿ ಎಂದೇ ಬಿಟ್ಟಿದ್ದರು. ಒಬ್ಬನೂ ಕದಿಯಲಿಲ್ಲ. ಅಷ್ಟರ ಮಟ್ಟಿಗೆ ಈ ಊರಿಗೆ ಮಾನ ಉಳಿದಿತ್ತು.

ನಿನ್ನದನ್ನು ಒಂದೇ ದಿನದಲ್ಲಿ ಕದ್ದರು!

ಇನ್ನೂ ಇದೆ. ಕದ್ದ ತೊಲೆಗೆ ಹೋಟೆಲಿನಲ್ಲಿ ನ್ಯಾಯ ನಡೆಯಬೇಕು, ಮನೆಯವರು ಕಡುಬು ಬಿಯರ್ ಕೊಟ್ಟು ಬಿಡಿಸಿಕೊಳ್ಳಬೇಕು. ಹಾಗೆ ಬಿಡಿಸಿ ತಂದು ಏರಿಸಿದ ತೊಲೆಯ ಮೇಲೆ ಇನ್ನೇನನ್ನೂ ಕಟ್ಟುವಂತಿಲ್ಲ. ಬಿಯರ್ ಕಾರ್ಖಾನೆಯ ಹಳೆಯ ಯಜಮಾನ ಹಟ ಹಿಡಿದು ಕಟ್ಟಿದ. ಆ ಮಹಡಿಗೆ ಒಬ್ಬ ಆಳೂ ಹತ್ತಲಿಲ್ಲ, ಇವತ್ತಿಗೂ ಅಲ್ಲಿರುವುದು ಬಾನಾಡಿಗಳಷ್ಟೆ.

ತೊಲೆ ಹೊತ್ತವರಲ್ಲಿ ಮುಂದಿದ್ದವನು ಯಾರು ಗೊತ್ತೇ? ಮೇಯರನ ಮಗ ಲೀನ್‌ಹಾರ್ಡ್. ಅಪ್ಪ ಮೇಲೊಂದು ಮಹಡಿ ಬೇಕೆನ್ನುತ್ತಾನೆ, ಮಗ ಬಿಯರಿನ ಆಸೆಗೆ ಅದೇ ಮಹಡಿಗೆ ಬೀಗ ಜಡಿದಿದ್ದಾನೆ! ಅಪ್ಪನಿಗೆ ಇದು ಹೊಳೆಯುವ ಮೊದಲು ನಾವು ನ್ಯಾಯ ಮುಗಿಸಬೇಕು. ನಿನ್ನ ಕಡೆಗೆ ಒಬ್ಬ ವಕೀಲ ಬೇಕು. ಬೇಗ ಬರೆ.

ಅಪ್ಪ


ವಿಯೆನ್ನಾ,
೧೬ ಆಗಸ್ಟ್ ೧೯೫೬

ಅಪ್ಪಾ,

ನಗುತ್ತಿದ್ದೇನೆ, ಅಳುತ್ತಿದ್ದೇನೆ. ಪಕ್ಕದ ಮೇಜಿನವರು ನೀರು ತಂದುಕೊಟ್ಟರು. ನನ್ನ ತೊಲೆಯನ್ನು ಕದ್ದರು ಎಂದು ಹೇಳಿದೆ. ಅಯ್ಯೋ ಪಾಪ ಎಂದರು. ಇವರಿಗೆ ಹೇಗೆ ವಿವರಿಸುವುದು!

ದೂರು ಹಿಂದಕ್ಕೆ ಪಡೆಯುವ ಕಾಗದಕ್ಕೆ ಯಜಮಾನರ ರುಜು ಹಾಕಿಸಿ ಇದರೊಂದಿಗೆ ಕಳಿಸಿದ್ದೇನೆ. ಯಾವಾಗ ಕೊಡಬೇಕೋ ನಿಮಗೇ ಗೊತ್ತು. ಕಡುಬು ಬಿಯರಿನ ಖರ್ಚು ನನ್ನದು.

ಒಂದು ಸತ್ಯ ಹೇಳಿಬಿಡಬೇಕು. ಅದು ನೆತ್ತಿತೊಲೆಯಲ್ಲ. ಎರಡು ಇಳಿಜಾರು ಕೂಡುವಲ್ಲಿ ಮಲಗಿದರೆ ಅದು ನೆತ್ತಿತೊಲೆ. ಇದು ಮೇಲಿನ ಕಿಟಕಿಸಾಲಿನ ಮೇಲೆ ಚಾವಣಿಯ ಎತ್ತರದ ಅಂಚನ್ನು ಹೊರುವ ತೊಲೆ. ಎಲ್ಲಕ್ಕಿಂತ ಉದ್ದ, ಎಲ್ಲಕ್ಕಿಂತ ಎತ್ತರ, ನಿಜ. ಆದರೆ ಬಡಗಿಗಳನ್ನು ಕೇಳಿದರೆ ಅಲ್ಲ ಎಂದೇ ಹೇಳಿಯಾರು. ಇದರಿಂದ ನಮಗೆ ಸೋಲಾಗುತ್ತದೆಯೇ?

ವಕೀಲರು ಬೇಕೆಂದಿರಿ. ಎರ್ಲೆನ್‌ಹಾಗಿನಲ್ಲಿ ನನಗೆ ಗೊತ್ತಿರುವ, ಯಾರಿಗೂ ಹೆದರದ, ಏನನ್ನೂ ಮರೆಯದ ಮನುಷ್ಯ ಒಬ್ಬರೇ.

ಉಗುರು ಕಚ್ಚುತ್ತ,
ಬುರ್ಗಿ


ಎರ್ಲೆನ್‌ಹಾಗ್,
೨೪ ಆಗಸ್ಟ್ ೧೯೫೬

ಬುರ್ಗಿ,

ಗೆದ್ದೆವು. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲವಾದರೆ ನೀನು ಕೊನೆಯ ಹಾಳೆಯನ್ನೇ ಮೊದಲು ಓದುತ್ತೀಯ. ಚಿಕ್ಕಂದಿನಿಂದ ನಿನ್ನ ಚಾಳಿ ಅದು.

ನ್ಯಾಯ ನಡೆದದ್ದು ಭಾನುವಾರ ಮಧ್ಯಾಹ್ನ, ಕಪ್ಪುಹೋರಿಯ ನೃತ್ಯಶಾಲೆಯಲ್ಲಿ. ಅಂದರೆ ಶಾಲೆಯಲ್ಲಿ. ದೊಡ್ಡವರೆಲ್ಲ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿ ತುರುಕಿಕೊಂಡಿದ್ದರು. ಪಾದ್ರಿಗಳು ನ್ಯಾಯಾಧೀಶರು, ಕೈಯಲ್ಲಿ ಅಡುಗೆಮನೆಯ ದೊಡ್ಡ ಸೌಟು. ತೊಲೆಯನ್ನು ಹೂವು ರಿಬ್ಬನು ಕಟ್ಟಿ ಹೊರಗೆ ಮಲಗಿಸಿದ್ದರು. ಕಳ್ಳರ ವಕೀಲ, ಮತ್ಯಾರು, ಸೆವೆರಿನ್.

“ಸ್ವಾಮಿ, ನನ್ನ ಕಕ್ಷಿದಾರರು ಬಡಪಾಯಿಗಳು” ಎಂದು ಶುರುಮಾಡಿದ. “ಬೀದಿಯಲ್ಲಿ ಅನಾಥವಾಗಿ ಬಿದ್ದಿದ್ದ ತೊಲೆ, ನೆಗಡಿ ಆದೀತು ಅಂತ ಒಳಗೆ ಕರ್ಕೊಂಡು ಹೋದ್ರು. ಅದಕ್ಕೆ ಈ ವಿಯೆನ್ನಾದೋರು ಪೊಲೀಸಿಗೆ ಹೇಳ್ತಾರಾ? ಮಾಮೂಲಿ ಬಿಯರ್ ಜೊತೆಗೆ ಮಾನನಷ್ಟದ ಬಿಯರೂ ಬೇಕು. ಮತ್ತೆ ಇಂಜಿನಿಯರ್ ಸಾಹೇಬ್ರನ್ನ ಮಣ್ಣಿನ ಕೈಗಾಡೀಲಿ ಕೂರಿಸಿ ಊರು ಸುತ್ತಿಸ್ಬೇಕು!”

“ಕೈಗಾಡಿಗೆ ನನ್ನ ಆಕ್ಷೇಪಣೆ ಇಲ್ಲ” ಎಂದೆ. ನವ್ರಾಟಿಲ್ ನನ್ನನ್ನು ನೋಡಿದ ನೋಟವನ್ನು ನೀನು ನೋಡಬೇಕಿತ್ತು.

ಅಷ್ಟರಲ್ಲಿ ಮೇಯರ್ ಎದ್ದು ನಿಂತ. ಬುದ್ಧಿವಂತ, ಅವನಿಗೆ ಹೊಳೆದುಬಿಟ್ಟಿತ್ತು. “ಸ್ವಾಮಿ, ಈ ಆಟಾನೇ ನಿಲ್ಸಿ. ಅದು ನೆತ್ತಿತೊಲೆ ಅಲ್ವೇ ಅಲ್ಲ. ಆ ಕಟ್ಟಡಕ್ಕೆ ನೆತ್ತೀನೇ ಇಲ್ಲ! ಬಡಗಿಗಳನ್ನೇ ಕೇಳಿ. ಮೇಲಿನ ಮಹಡಿ ಕಟ್ತೀವಿ, ಸರಿಯಾದ ಮಾಡು ಹಾಕ್ತೀವಿ. ಅದಕ್ಕೊಂದು ನೆತ್ತಿತೊಲೆ ಬರುತ್ತಲ್ಲ, ಅದನ್ನ ಕದೀಲಿ. ಆಗ ನ್ಯಾಯ ಮಾಡಿ.”

ಬಡಗಿಗಳು ತಲೆ ಕೆರೆದುಕೊಂಡರು. ಹೌದು ಎನ್ನುವ ಹಾಗೆ ತಲೆ ಆಡಿಸಿದರು. ಸೆವೆರಿನ್ ಪೆಚ್ಚಾದ. ಪಾದ್ರಿಗಳ ಸೌಟು ಕೆಳಗಿಳಿಯಿತು. ನಾನು ಎದ್ದು ನಿಂತೆ. ನನಗೆ ಭಯವಿರಲಿಲ್ಲ ಬುರ್ಗಿ! ಆ ಒಂದು ಮಾತನ್ನು ಅವನ ಬಾಯಿಂದಲೇ ಹೇಳಿಸಬೇಕೆಂದು ವಾರವೆಲ್ಲ ಕಾದಿದ್ದೆ.

“ಮೇಯರ್ ಸಾಹೇಬ್ರು ನೆತ್ತಿತೊಲೆ ಅಲ್ಲ ಅಂತಾರೆ. ಒಪ್ಪಿದೆ” ಎಂದೆ. “ಹಾಗಾದ್ರೆ ಅವರ ಮಗ ಕದ್ದಿದ್ದೇನು?”

ನಾನು ಲೀನ್‌ಹಾರ್ಡ್ ಕೂತಿದ್ದ ಕಡೆಗೆ ಕೈ ತೋರಿಸಿದೆ.

“ನೆತ್ತಿತೊಲೆ ಕದಿಯೋದು ಸಂಪ್ರದಾಯ. ಬೇರೆ ತೊಲೆ ಕದಿಯೋದು ಕಳ್ಳತನ. ಪುರಸಭೆ ಸ್ವತ್ತು. ದಫೇದಾರ್ರೇ, ದೂರು ಇನ್ನೂ ಜೀವಂತ ಇದೆಯಾ?”

ಮೂಲೆಯ ಬೆಂಚಿನಲ್ಲಿ ಸಿಕ್ಕಿಕೊಂಡಿದ್ದ ದಫೇದಾರ ಕಷ್ಟಪಟ್ಟು ಎದ್ದ. “ಮೇಜಿನ ಮೇಲಿದೆ ಕ್ವಿರಿನಣ್ಣ. ಯಾರೂ ವಾಪಸ್ ತಗೊಂಡಿಲ್ಲ. ಮೇಯರ್ ಸಾಹೇಬ್ರೇ, ನೀವು ಈಗ ಹೇಳಿದ್ದನ್ನ ನಾನು ಬರ್ಕೊಬೇಕಾಗುತ್ತೆ.”

ನೀನು ಕಳಿಸಿದ ಕಾಗದ ನನ್ನ ಒಳಜೇಬಿನಲ್ಲಿ ಬೆಚ್ಚಗೆ ಕೂತಿತ್ತು.

“ಏ, ಇದೇನು ಹುಡುಗಾಟ!” ಎಂದು ಮೇಯರ್ ಕೂಗಿದ. ಆಗ ಹಿಂದಿನಿಂದ ಲೀನ್‌ಹಾರ್ಡ್ ಎದ್ದ. ಈಗ ಅಪ್ಪನಿಗಿಂತ ಎತ್ತರ ಬೆಳೆದಿದ್ದಾನೆ. ಅವನ ಕತ್ತಿನ ಮೇಲಿನ ಸುಟ್ಟ ಕಲೆ ನಿನಗೆ ನೆನಪಿರಬೇಕು.

“ಅಪ್ಪಾ, ನಾನು ಕಳ್ಳ ಅಲ್ಲ. ನಾವು ಹೊತ್ತಿದ್ದು ನೆತ್ತಿತೊಲೆ.”

“ಬಾಯ್ಮುಚ್ಚು!”

“ಮುಚ್ಚಲ್ಲ. ಬಡಗಿಗಳು ಏನಾದ್ರೂ ಅನ್ನಲಿ. ಅದು ಶಾಲೆ ಅಪ್ಪಾ. ಅದರ ತೊಲೆ ಎತ್ತದೆ ಹೇಗಿರೋದು?” ನನ್ನ ಕಡೆಗೆ ತಿರುಗಿದ. “ಅಡಿಪಾಯ ಹಾಕಿದ ದಿನಾನೇ ಎತ್ತಬೇಕು ಅಂದ್ಕೊಂಡೆ, ಕ್ವಿರಿನ್ ಮಾಮ. ನಕ್ಷೇಲಿ ಆ ಬಾಗಿಲುಗಳನ್ನ ನೋಡಿದಾಗ.”

ನಾನು ಇನ್ನೂ ಏನೇನೋ ಹೇಳಬೇಕೆಂದಿದ್ದೆ. ಬರೆದುಕೊಂಡು ಬಂದಿದ್ದೆ ಕೂಡ. ಆ ಹಾಳೆಯನ್ನು ಮಡಚಿಬಿಟ್ಟೆ. ಪಾದ್ರಿಗಳು ನನ್ನ ಮುಖ ನೋಡಿ ಸೌಟಿನಿಂದ ಮೇಜಿಗೆ ಬಡಿದರು. “ಕಳ್ಳರೇ ನೆತ್ತಿತೊಲೆ ಅಂತ ಒಪ್ಪಿಕೊಂಡ ಮೇಲೆ ಬಡಗಿಗಳನ್ನ ಯಾಕೆ ಕೇಳೋದು? ಅದು ನೆತ್ತಿತೊಲೆ. ಬಿಡಿಸಿದ ಮೇಲೆ ಅದರ ಮೇಲೆ ಹಕ್ಕಿ ಬಿಟ್ರೆ ಇನ್ಯಾರೂ ಕೂರಕೂಡ್ದು. ಕಡುಬು ತನ್ನಿ!”

ಆ ಗದ್ದಲ! ಬೆಂಚುಗಳು ಉರುಳಿದವು. ನವ್ರಾಟಿಲನನ್ನು ಕೈಗಾಡಿಯಲ್ಲಿ ಕೂರಿಸಿ, ಬ್ಯಾಂಡು ಬಾರಿಸಿಕೊಂಡು, ತೊಲೆಯ ಹಿಂದೆಯೇ ಎಳೆದುಕೊಂಡು ಹೋದರು. ಚರ್ಚಿನ ಸುತ್ತ ಮೊದಲ ಸುತ್ತಿನಲ್ಲಿ ಮುಖ ಮುಚ್ಚಿಕೊಂಡಿದ್ದವನು ಎರಡನೇ ಸುತ್ತಿನಲ್ಲಿ ಎಲ್ಲರಿಗೂ ಟೋಪಿ ಬೀಸುತ್ತಿದ್ದ. ನಾನು ನಿನ್ನ ಕಾಗದವನ್ನು ದಫೇದಾರನ ಬಿಯರ್ ಲೋಟದ ಕೆಳಗೆ ಇಟ್ಟುಬಂದೆ.

ನಿನ್ನೆ ಗುರುವಾರ ಸಭೆ. ಮೇಯರ್ ತಾನೇ ಎದ್ದು ಗೊತ್ತುವಳಿಯನ್ನು ಹಿಂದಕ್ಕೆ ಪಡೆದ. ನಿನ್ನ ನಕ್ಷೆಗೆ ಎಲ್ಲ ಕೈಗಳೂ ಮೇಲೆದ್ದವು. ಮಹಡಿ ಇಲ್ಲ. ಮೆಟ್ಟಿಲಿಲ್ಲ.

ಸಭೆ ಮುಗಿದ ಮೇಲೆ ಅವನು ನನ್ನ ಜೊತೆ ಮನೆಯ ಗೇಟಿನ ತನಕ ನಡೆದುಬಂದ. ಹನ್ನೊಂದು ವರ್ಷದಿಂದ ನಾವಿಬ್ಬರೂ ಎದುರು ಸಿಕ್ಕರೆ ರಸ್ತೆಯ ಬೇರೆ ಬೇರೆ ಬದಿಗೆ ಸರಿಯುತ್ತಿದ್ದವರು. “ಅವತ್ತು ನನ್ನೋನು ಕಿಟಕಿಯಿಂದ ಹಾರಿದ, ಕ್ವಿರಿನ್” ಎಂದ. “ಅಷ್ಟೇ ವ್ಯತ್ಯಾಸ. ನಾನು ನಿನ್ನ ಮುಖ ನೋಡೋಕೆ ಆಗ್ತಿರಲಿಲ್ಲ.”

ನಾನು ಗೇಟು ತೆರೆದು ಒಳಗೆ ಕರೆದೆ. ಕೂತ, ಸ್ವಲ್ಪ ಮದ್ಯ ಕುಡಿದ, ಹೋದ.

ನಾಳೆ ತೊಲೆ ಏರಿಸುತ್ತಾರೆ. ಅದರ ತುದಿಗೆ ಕಟ್ಟುವ ಪುಟ್ಟ ಫರ್ ಗಿಡವನ್ನು ನಾನೇ ಕಡಿದು ತರಬೇಕಂತೆ, ಹುಡುಗರು ಹಟ ಹಿಡಿದಿದ್ದಾರೆ.

ನಿನ್ನ ವಕೀಲ,
ಅಪ್ಪ


ವಿಯೆನ್ನಾ,
೨೮ ಆಗಸ್ಟ್ ೧೯೫೬

ಅಪ್ಪಾ,

ಕೊನೆಯ ಹಾಳೆಯನ್ನೇ ಮೊದಲು ಓದಿದೆ. ಆಮೇಲೆ ಎಲ್ಲವನ್ನೂ ಆಫೀಸಿನವರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಕೈಗಾಡಿಯ ಭಾಗವನ್ನು ಯಜಮಾನರು ಮತ್ತೆ ಮತ್ತೆ ಓದಿಸಿದರು. ಇನ್ನು ಮುಂದೆ ಎಲ್ಲ ಒಪ್ಪಂದಪತ್ರಗಳಲ್ಲೂ ಕಡುಬಿಗೆ ಒಂದು ಕಲಮು ಸೇರಿಸಬೇಕಂತೆ!

ಲೀನ್‌ಹಾರ್ಡ್ ಬಾಗಿಲುಗಳ ಬಗ್ಗೆ ಹೇಳಿದ್ದನ್ನು ಮಾತ್ರ ಯಾರಿಗೂ ಓದಲಿಲ್ಲ.

ಮುಂದಿನ ಶರತ್ಕಾಲದಲ್ಲಿ ಉದ್ಘಾಟನೆ. ಬರುತ್ತೇನೆ.

ನಿಮ್ಮ ಕಕ್ಷಿದಾರಳು,
ಬುರ್ಗಿ


ಎರ್ಲೆನ್‌ಹಾಗ್,
೧೭ ಸೆಪ್ಟೆಂಬರ್ ೧೯೫೭

ಪ್ರೀತಿಯ ಬುರ್ಗಿ,

ನೀನು ಭಾನುವಾರ ಬಂದೆ, ಸಂಜೆಯ ರೈಲಿಗೆ ಹೋದೆ. ಇಡೀ ದಿನ ಬ್ಯಾಂಡು, ಭಾಷಣ, ಬಿಷಪ್ಪರ ಮಂತ್ರಜಲ, ಶಿಕ್ಷಣ ಇಲಾಖೆಯ ಆ ದಪ್ಪ ಮನುಷ್ಯ. ಹದಿನೆಂಟು ವರ್ಷದ ಹಿಂದೆ ಅವನು ಯಾವ ಬಣ್ಣದ ಅಂಗಿ ತೊಟ್ಟು ಯಾವ ವೇದಿಕೆ ಹತ್ತಿದ್ದ ಎಂದು ನನಗೆ ನೆನಪಿದೆ ಎಂಬುದು ಅವನಿಗೂ ನೆನಪಿದೆ. ನಾನಿದ್ದ ಕಡೆಗೆ ತಿರುಗಲೇ ಇಲ್ಲ.

ನಾವಿಬ್ಬರೂ ಹವೆಯ ಬಗ್ಗೆ ಮಾತಾಡಿದೆವು. ಕೇಕಿನ ಬಗ್ಗೆ ಮಾತಾಡಿದೆವು. ತರಗತಿಗಳ ಒಳಗೆ ಬನ್ನಿ ಎಂದೆ ನೀನು. ಜನ ತುಂಬಾ ಇದ್ದಾರೆ, ಆಮೇಲೆ ಎಂದೆ ನಾನು. ನೀನು ಒತ್ತಾಯಿಸಲಿಲ್ಲ. ರೈಲಿನ ಕಿಟಕಿಯಲ್ಲಿ ನಿನ್ನ ಮುಖ ನೋಡಿದಾಗ, ನಾನು ಒಳಗೆ ಹೋಗಬೇಕಿತ್ತು ಎನ್ನಿಸಿತು.

ನಿನ್ನೆ ಸೋಮವಾರ ಹೋದೆ. ಪಾಠ ನಡೆದಿತ್ತು. ತೋಟದ ಬೇಲಿಯ ಹತ್ತಿರ ನಿಂತೆ. ಗಂಟೆ ಹೊಡೆಯಿತು.

ಬುರ್ಗಿ, ನೀನು ನೋಡಬೇಕಿತ್ತು! ಎಲ್ಲ ಬಾಗಿಲುಗಳೂ ಒಟ್ಟಿಗೇ ತೆರೆದವು. ಎಲ್ಲ ಕಡೆಯಿಂದಲೂ ಮಕ್ಕಳು! ಒಬ್ಬರನ್ನೊಬ್ಬರು ತಳ್ಳಲಿಲ್ಲ, ಯಾರೂ ಯಾರಿಗೂ ಕಾಯಲಿಲ್ಲ. ಚೀಲ ಒಡೆದು ಕಾಳು ಚೆಲ್ಲಿದ ಹಾಗೆ ಹುಲ್ಲಿನ ತುಂಬ ಹರಡಿಹೋದರು. ಟೀಚರ್ ಆಫ್ರಾ ನಡುವೆ ನಿಂತು, “ಅಯ್ಯೋ, ಸಾಲಾಗಿ ಬನ್ರೋ, ಸಾಲು!” ಎಂದು ಕೂಗುತ್ತಿದ್ದಳು. ಸಾಲು ಮಾಡಲು ಅಲ್ಲಿ ಕಾರಣವೇ ಇರಲಿಲ್ಲ.

ಅವರೆಲ್ಲ ಸೇಬಿನ ಮರದ ಕಡೆಗೆ ಓಡಿದ ಮೇಲೆ ನಾನು ಮೂರನೇ ತರಗತಿಗೆ ಹೋದೆ. ನಿನ್ನ ತಮ್ಮ ಓದುತ್ತಿದ್ದದ್ದು ಮೂರನೆಯದರಲ್ಲೇ. ಒಂದು ಬೆಂಚಿನ ಹತ್ತಿರ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಹೊರಗೆ ಬಂದೆ. ಮತ್ತೆ ಒಳಗೆ ಹೋದೆ, ಮತ್ತೆ ಬಂದೆ. ಎಷ್ಟು ಸಲ ಹಾಗೆ ಮಾಡಿದೆನೋ, ಆಫ್ರಾ ಬಂದು, “ಏನು ಕ್ವಿರಿನ್ ಮಾಮ, ಒಳಗೋ ಹೊರಗೋ ಒಂದು ತೀರ್ಮಾನ ಮಾಡಿ, ಮಕ್ಕಳ ಕಾಗದವೆಲ್ಲ ಗಾಳಿಗೆ ಹಾರ್ತಿದೆ” ಎಂದಳು. ಕೊನೆಗೆ ನನ್ನ ಕಣ್ಣು ನೋಡಿ, ಬಾಗಿಲನ್ನು ತಾನೇ ಹಿಡಿದು ನಿಂತಳು.

ಬೆಂಚಿನಿಂದ ಹುಲ್ಲಿನವರೆಗೆ ಕೆಲವೇ ಹೆಜ್ಜೆ, ಮಗಳೇ. ಗಿಡ್ಡ ಕಾಲಿನ ಮಗುವೂ ಓಡಬೇಕಾಗಿಲ್ಲ, ನಡೆದುಬಂದರೂ ಸಾಕು.

ಅಂದೂ ಹೀಗಿದ್ದಿದ್ದರೆ ನಮ್ಮ ವೆಂಡೆಲಿನ್ ಈ ಬಾಗಿಲಿನಿಂದ ನಡೆದು ಮನೆಗೆ ಬರುತ್ತಿದ್ದ.

ಅಪ್ಪ